ಡಿಸ್ಕ್ ನಿಂತುಹೋದ ಭಾನುವಾರ

ಟೆರ್ರಿ ಒಂದು ಲಾಂಡ್ರೆಟ್, ಅಂದರೆ ನಾಣ್ಯ ಹಾಕಿ ಯಂತ್ರದಲ್ಲಿ ಬಟ್ಟೆ ಒಗೆಯುವ ಅಂಗಡಿಯ ಒಳಗೆ ಸಿಕ್ಕಿಹಾಕಿಕೊಂಡಿದ್ದ. ಒಳಗೆ ಬಂದೂಕು ಹಿಡಿದ ಹುಡುಗರು, ಹೊರಗೆ ಪೊಲೀಸರು. ಸರಿಯಾಗಿ ಆಗಲೇ ಡಿವಿಡಿ ನಿಂತುಹೋಯಿತು. ಟಿವಿಯಲ್ಲಿ ಟೆರ್ರಿಯ ಮುಖ ಚೌಕ ಚೌಕವಾಗಿ ಒಡೆದು ಹಾಗೇ ಉಳಿಯಿತು.

ನಾನು ಸೌತೆಂಡ್‌ನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತೇನೆ. ಲಂಡನ್ನಿನಿಂದ ಪೂರ್ವಕ್ಕೆ, ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಇರುವ ಊರು ಇದು. ನನ್ನೂರು ಹಾಸನದ ಹತ್ತಿರ. ಇಲ್ಲಿನ ಹಿರಿಯರನ್ನು ಬಾಯಲ್ಲಿ ಹೆಸರು ಹಿಡಿದೇ ಕರೆಯಬೇಕು, ಅದು ಇಲ್ಲಿಯ ರೂಢಿ. ಮನಸ್ಸಿನಲ್ಲಿ ಮಾತ್ರ ನನಗೆ ಅವರೆಲ್ಲ ಅಜ್ಜ, ಅಜ್ಜಿಯರೇ. ಇಲ್ಲೂ ಹಾಗೇ ಬರೆಯುತ್ತೇನೆ. ಅವರು ನನ್ನನ್ನು ಪ್ರೀತಿಯಿಂದ 'ಲವ್' ಅನ್ನುತ್ತಾರೆ.

ಭಾನುವಾರ ಊಟ ಆದ ಮೇಲೆ 'ಮೈಂಡರ್' ಅನ್ನುವ ಹಳೆಯ ಬ್ರಿಟಿಷ್ ಟಿವಿ ಧಾರಾವಾಹಿ ನೋಡುವುದು ನಮ್ಮಲ್ಲಿ ಒಂದು ಅಭ್ಯಾಸ. ಶುರು ಮಾಡಿದವರು ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಅಜ್ಜ. ಇಲ್ಲಿಗೆ ಬರುವಾಗ ಅವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಡಿವಿಡಿಗಳೇ ಜಾಸ್ತಿ ಇದ್ದವು. ಅವರ ಎದುರು ಕುರ್ಚಿಯಲ್ಲಿ ಕೂರುವ ಅಜ್ಜಿ ಫುಲ್ಹಮ್‌ನಲ್ಲಿ ಲಾಂಡ್ರೆಟ್ ನೋಡಿಕೊಂಡಿದ್ದವರು. ಇಬ್ಬರಿಗೂ ಈ ಧಾರಾವಾಹಿ ಅಂದರೆ ಪ್ರಾಣ. ಆದರೆ ಯಾವ ಕಂತು ಎಲ್ಲಕ್ಕಿಂತ ಚೆನ್ನ ಅನ್ನುವುದರಲ್ಲಿ ಮಾತ್ರ ಒಮ್ಮತ ಇಲ್ಲ.

ಮೈಂಡರ್ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಟೆರ್ರಿ ಮೆಕ್ಯಾನ್ ಹಿಂದೆ ಬಾಕ್ಸರ್ ಆಗಿದ್ದವನು, ಜೈಲಿಗೂ ಹೋಗಿ ಬಂದವನು. ಆರ್ಥರ್ ಡೇಲಿ ಟೋಪಿ ಹಾಕಿಕೊಂಡು, ಸಿಗಾರ್ ಸೇದಿಕೊಂಡು, ಎಲ್ಲಿಂದಲೋ ಬಂದ ಮಾಲನ್ನು ಇನ್ನೆಲ್ಲಿಗೋ ಮಾರುವವನು. ಟೆರ್ರಿಯನ್ನು ಕಾವಲಿಗೆ ಅಂತ ಬೇರೆಯವರಿಗೆ ಬಾಡಿಗೆಗೆ ಕೊಡುವುದೂ ಅವನ ಒಂದು ವ್ಯಾಪಾರ. ಹೊಡೆತ ತಿನ್ನುವವನು ಟೆರ್ರಿ, ದುಡ್ಡು ಎಣಿಸುವವನು ಆರ್ಥರ್. ಲಿಯಾನ್ ಗ್ರಿಫಿತ್ಸ್ ಕಟ್ಟಿದ ಈ ಜೋಡಿಯಲ್ಲಿ ಡೆನಿಸ್ ವಾಟರ್‌ಮನ್ ಟೆರ್ರಿ ಆದರು, ಜಾರ್ಜ್ ಕೋಲ್ ಆರ್ಥರ್ ಆದರು. ಶೀರ್ಷಿಕೆ ಹಾಡು ಹಾಡಿದವರೂ ವಾಟರ್‌ಮನ್. ಆ ಹಾಡು 1980ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಗಿತ್ತು. ನಮ್ಮಲ್ಲಿ ಒಬ್ಬರು ಅಜ್ಜ ಇದ್ದಾರೆ. ಮಗಳ ಹೆಸರೇ ಕೆಲವು ದಿನ ಅವರಿಗೆ ನೆನಪಾಗುವುದಿಲ್ಲ. ಆದರೆ ಈ ಹಾಡು ಶುರುವಾದರೆ ಒಂದು ಪದವನ್ನೂ ಬಿಡದೆ ಹಾಡುತ್ತಾರೆ.

ಆರ್ಥರ್‌ನ ಹೆಂಡತಿ ಧಾರಾವಾಹಿಯಲ್ಲಿ ಕಾಣಿಸುವುದೇ ಇಲ್ಲ. ಹೆಸರೂ ಇಲ್ಲ. ಅವನು ಅವಳನ್ನು 'ಎರ್ ಇಂಡೋರ್ಸ್' ಅನ್ನುತ್ತಾನೆ, ಅಂದರೆ ಮನೆಯೊಳಗಿರುವವಳು. ಇದನ್ನು ಮೊದಲ ಸಲ ಕೇಳಿದಾಗ ನನಗೆ ನಮ್ಮೂರೇ ಕಿವಿಗೆ ಬಿದ್ದ ಹಾಗಾಯಿತು. ನನ್ನ ಅಜ್ಜಿ ಸಾಯುವವರೆಗೂ ಅಜ್ಜನ ಹೆಸರು ಹೇಳಲಿಲ್ಲ. 'ನಮ್ಮನೆಯವರು' ಅಂದರೆ ಮುಗಿಯಿತು. ಅಜ್ಜನೂ ಅಷ್ಟೇ, 'ನಮ್ಮನೇಲಿ ಬೈತಾಳೆ' ಅನ್ನುತ್ತಿದ್ದರು. ಇದನ್ನು ಹೇಳಿದ ದಿನ ಲಾಂಡ್ರೆಟ್ ಅಜ್ಜಿ ನನ್ನ ಅಜ್ಜಿಯ ಬಗ್ಗೆ ಅರ್ಧ ಗಂಟೆ ಕೇಳಿ ತಿಳಿದುಕೊಂಡರು. ಮೈಂಡರ್‌ನಲ್ಲಿ ನಮ್ಮ ಸಯೀದ್ ಜಾಫ್ರಿ ಕೂಡ ನಟಿಸಿದ್ದಾರೆ ಅಂತ ನನಗೆ ಹೇಳಿದವರು ಅವರೇ. ಮೊದಲ ಸರಣಿಯ 'ದಿ ಬೆಂಗಾಲ್ ಟೈಗರ್' ಕಂತಿನಲ್ಲಿ ಅವರು ಮುಖರ್ಜಿ. ಶಾಲೆಯಲ್ಲಿ 'ಗಾಂಧಿ' ಸಿನಿಮಾ ತೋರಿಸಿದಾಗ ಸರ್ದಾರ್ ಪಟೇಲರಾಗಿ ನೋಡಿದ ಮುಖ. ಸೌತೆಂಡ್‌ನ ಮಳೆಗಾಲದ ಸಂಜೆಯಲ್ಲಿ ಅದನ್ನು ಮತ್ತೆ ನೋಡಿ ತುಂಬಾ ಖುಷಿಯಾಗಿತ್ತು.

ಆ ಭಾನುವಾರ ಹಾಕಿದ್ದು ಮೊಟ್ಟಮೊದಲ ಕಂತು, 'ಗನ್‌ಫೈಟ್ ಅಟ್ ದಿ ಓ.ಕೆ. ಲಾಂಡ್ರೆಟ್'. 1979ರ ಅಕ್ಟೋಬರ್ 29ರಂದು ಐಟಿವಿ ವಾಹಿನಿಯಲ್ಲಿ ಬಂದದ್ದು. ಅದಕ್ಕೆ ಮುಂಚೆ ಮುಷ್ಕರದಿಂದಾಗಿ ಐಟಿವಿ ಎರಡು ತಿಂಗಳಿಗೂ ಜಾಸ್ತಿ ನಿಂತುಹೋಗಿತ್ತು. ಮುಷ್ಕರ ಮುಗಿದು ಒಂದು ವಾರವೂ ಆಗಿರಲಿಲ್ಲ. ಇದು ಲಾಂಡ್ರೆಟ್ ಅಜ್ಜಿಯ ಕಂತು. ಲಾಂಡ್ರೆಟ್ ಮಾಲೀಕನ ದುಡ್ಡಿಗೆ ಕಾವಲಾಗಿ ಹೋಗುವ ಟೆರ್ರಿ, ದರೋಡೆಗೆ ಬಂದ ಹುಡುಗರ ಕೈಗೆ ಸಿಕ್ಕಿ ಒತ್ತೆಯಾಳಾಗುತ್ತಾನೆ.

"ಲಾಂಡ್ರೆಟ್‌ಗೆ ಯಾಕೆ ಕಾವಲು ಬೇಕು ಅಂತ ಎಲ್ಲರೂ ನಗ್ತಿದ್ರು," ಎಂದರು ಅಜ್ಜಿ. "ನಾಣ್ಯ ಎತ್ತಿದವರಿಗೆ ಗೊತ್ತು ಅದರ ಕಥೆ."

ಅವರು ಹೇಳಿದ್ದು ಹೀಗೆ. ಪ್ರತಿ ಯಂತ್ರಕ್ಕೂ ಒಂದು ನಾಣ್ಯದ ಡಬ್ಬಿ. ಒಗೆಯುವುದಕ್ಕೆ ಬೇರೆ, ಒಣಗಿಸುವುದಕ್ಕೆ ಬೇರೆ. ಸಂಜೆ ಎಲ್ಲ ಡಬ್ಬಿ ತೆಗೆದು 10 ಪೆನ್ಸ್, 50 ಪೆನ್ಸ್ ಬೇರೆ ಬೇರೆ ಮಾಡಿ ಚೀಲಕ್ಕೆ ತುಂಬಬೇಕು. ದುಡ್ಡು ತುಂಬಾ ಏನಿರಲ್ಲ, ಭಾರ ಮಾತ್ರ ವಿಪರೀತ. ಅದನ್ನು ಹೊತ್ತವರು ಓಡಲಾರರು. ಕೆಲವರು ಬಟ್ಟೆಯ ಮೂಟೆ ಬಿಟ್ಟು ಹೋಗುತ್ತಾರೆ. ಅದನ್ನು ಒಗೆದು, ಒಣಗಿಸಿ, ಮಡಿಸಿ ಇಡುವುದು ಇವರ ಕೆಲಸ. ಅಂಗಿಯ ಕಾಲರ್ ನೋಡಿದರೆ ಆ ಮನೆಯಲ್ಲಿ ಏನು ನಡೀತಿದೆ ಅಂತ ಗೊತ್ತಾಗುತ್ತಿತ್ತಂತೆ. ಚಳಿಗಾಲದಲ್ಲಿ ಒಗೆಯುವುದಕ್ಕೆ ಏನೂ ಇಲ್ಲದವರೂ ಬಂದು ಕೂರುತ್ತಿದ್ದರು, ಸುಮ್ನೆ ಬೆಚ್ಚಗಿರುತ್ತೆ ಅಂತ. ಇವರು ಯಾರನ್ನೂ ಎಬ್ಬಿಸಿ ಕಳಿಸಲಿಲ್ಲ.

"ಆ ಕಂತಿನಲ್ಲಿ ಬಟ್ಟೆ ಒಗೆಯೋಕೆ ಬಂದ ಹೆಂಗಸೂ ಒಳಗೇ ಸಿಕ್ಕಿಕೊಳ್ತಾಳೆ. ಅವಳು ನಮ್ಮ ಗಿರಾಕಿ. ನಾನು ದಿನಾ ನೋಡ್ತಿದ್ದ ಹೆಂಗಸು," ಎಂದರು.

1975ರಲ್ಲಿ ನೈಟ್ಸ್‌ಬ್ರಿಜ್‌ನ ಸ್ಪಗೆಟ್ಟಿ ಹೌಸ್ ಹೋಟೆಲಿನಲ್ಲಿ ಬಂದೂಕುಧಾರಿಗಳು ಸಿಬ್ಬಂದಿಯನ್ನು ಆರು ದಿನ ಹಿಡಿದಿಟ್ಟಿದ್ದರು. ಲಂಡನ್ನಿನವರಿಗೆ ಅದು ಇನ್ನೂ ಹಸಿ ನೆನಪು. ಆದ್ದರಿಂದ ಆ ಕಂತು ನೋಡಿದಾಗ ನಗು ಬಂದರೂ ಹೊಟ್ಟೆಯಲ್ಲಿ ಏನೋ ಹಿಂಡುತ್ತಿತ್ತು ಎಂದರು ಅಜ್ಜಿ.

ಡಿಸ್ಕ್ ನಿಂತದ್ದು ಟೆರ್ರಿ ಒಳಗೆ ಸಿಕ್ಕಿಕೊಂಡ ಆ ಜಾಗದಲ್ಲೇ. ನಾನು ತೆಗೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ. ಮತ್ತೆ ಹಾಕಿದೆ. ಅದೇ ಜಾಗಕ್ಕೆ ಬಂದು ನಿಂತಿತು. ಮೂರನೇ ಸಲವೂ ಅಷ್ಟೇ. ಆಗ ಟ್ಯಾಕ್ಸಿ ಅಜ್ಜ, "ಬಿಡು, ಉಳಿದದ್ದು ನಾವೇ ಹೇಳ್ತೀವಿ," ಎಂದರು.

ಹೇಳಿದರು. ಇಬ್ಬರೂ ಒಟ್ಟಿಗೆ ಹೇಳಿದರು. ಮತ್ತು ಇಬ್ಬರ ಕಥೆಯೂ ಬೇರೆ ಬೇರೆ.

ಜಗಳ ಆದದ್ದು ಆರ್ಥರ್ ಬಗ್ಗೆ. ಟೆರ್ರಿ ಒಳಗೆ ಬಂದೂಕಿನ ಎದುರು ಇರುವಾಗ ಆರ್ಥರ್ ಹೊರಗೆ ನಿಂತು ಟೆರ್ರಿಯ ಕಥೆಯನ್ನು ಪತ್ರಿಕೆಯವರಿಗೆ ಮಾರಲು ನೋಡುತ್ತಾನೆ. ಅದು ಇಬ್ಬರಿಗೂ ನೆನಪಿದೆ. ಅದರ ಅರ್ಥ ಏನು ಅನ್ನುವುದೇ ತಕರಾರು.

"ಅವನಿಗೆ ಭಯ ಆಗಿತ್ತು," ಎಂದರು ಅಜ್ಜ. "ಭಯ ಆದಾಗ ಅವನಿಗೆ ಗೊತ್ತಿರೋದು ಒಂದೇ, ವ್ಯಾಪಾರ. ಬೇರೆಯವನಾಗಿದ್ರೆ ಮನೆಗೆ ಹೋಗ್ತಿದ್ದ. ಅವನು ಹೋಗಲಿಲ್ಲ, ಅಲ್ವಾ?"

"ಮಾರೋಕೆ ಏನೋ ಇತ್ತು, ಅದಕ್ಕೇ ಹೋಗಲಿಲ್ಲ," ಎಂದರು ಅಜ್ಜಿ.

ನನಗೆ ನೆನಪಾದದ್ದು ನಮ್ಮೂರ ದನದ ಜಾತ್ರೆ. ದಲ್ಲಾಳಿ ಟವೆಲ್ ಕೆಳಗೆ ಕೈ ಇಟ್ಟು, ಕೊಳ್ಳುವವನ ಬೆರಳು ಹಿಡಿದು ಬೆಲೆ ಮಾತಾಡುತ್ತಾನೆ. ಪಕ್ಕದಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ. ಎತ್ತು ಮಾತ್ರ ಅಲ್ಲೇ ನಿಂತು ಮೆಲುಕು ಹಾಕುತ್ತಿರುತ್ತದೆ. ಅಪ್ಪನ ಜೊತೆ ಹೋದಾಗ ನಾನು ನೋಡುತ್ತಿದ್ದದ್ದು ಆ ಎತ್ತಿನ ಕಣ್ಣನ್ನೇ.

ಇದನ್ನು ಅವರಿಗೆ ಹೇಳಿದೆ. ಹೇಳುತ್ತಾ ಹೇಳುತ್ತಾ, ಆವರೆಗೆ ಇಲ್ಲಿ ಯಾರಿಗೂ ಹೇಳದಿದ್ದದ್ದೂ ಬಾಯಿಗೆ ಬಂತು. 2022ರಲ್ಲಿ ಬ್ರಿಟನ್ ಆರೈಕೆ ಕೆಲಸದವರಿಗೆ ವೀಸಾ ತೆರೆದಾಗ ನನ್ನನ್ನು ಕಳಿಸಿದ ಏಜೆಂಟ್ ಬಗ್ಗೆ. ತುಂಬಾ ಮೆದು ಮಾತಿನವನು. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ. ಅಮ್ಮನ ಬಳೆ, ಅಪ್ಪನ ಸಾಲ, ಎಲ್ಲ ಸೇರಿಸಿ ಅವನಿಗೆ ಕೊಟ್ಟೆವು. ಇಲ್ಲಿಗೆ ಬಂದು ನೋಡಿದರೆ ಹೇಳಿದಷ್ಟು ಗಂಟೆಯ ಕೆಲಸವೇ ಇರಲಿಲ್ಲ. ಕೆಲವು ವಾರ ಎರಡೇ ದಿನ. ಕೆಲಸ ಬಿಟ್ಟರೆ ವೀಸಾ ಹೋಗುತ್ತದೆ, 60 ದಿನದೊಳಗೆ ಬೇರೆ ಪ್ರಾಯೋಜಕರನ್ನು, ಅಂದರೆ ವೀಸಾಕ್ಕೆ ಹೊಣೆಯಾಗುವ ಮಾಲೀಕರನ್ನು ಹುಡುಕಬೇಕು. ಫೋನ್ ಮಾಡಿದರೆ ಅವನು, "ಸ್ವಲ್ಪ ತಾಳ್ಮೆ ಇರಲಿ ತಂಗಿ," ಅನ್ನುತ್ತಿದ್ದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ನಾನಾಗಿ ಅಲೆದು ಹುಡುಕಿಕೊಂಡದ್ದು ಈಗಿನ ಈ ಜಾಗ.

"ಹಾಗಾಗಿ ಆರ್ಥರ್‌ನನ್ನು ನೋಡಿ ನಗುವುದು ನನಗೆ ಕಷ್ಟ," ಎಂದೆ.

ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಟ್ಯಾಕ್ಸಿ ಅಜ್ಜ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ಹೇಳಿದರು, "ಅವನು ಆರ್ಥರ್ ಅಲ್ಲ ಲವ್. ಟೆರ್ರಿಗೆ ಬಾಗಿಲು ತೆಗೆದೇ ಇತ್ತು. ಬೇಕಾದಾಗ ಎದ್ದು ಹೋಗಬಹುದಿತ್ತು. ನಿನಗೆ ಹಾಗಿರಲಿಲ್ಲ."

ನನಗೆ ಅದು ಸರಿ ಅನ್ನಿಸಿತು. ಆದರೆ ಅಜ್ಜಿ ಒಪ್ಪಲಿಲ್ಲ.

"ಎಲ್ಲಿ ತೆಗೆದಿತ್ತು?" ಎಂದರು. "ಜೈಲಿಂದ ಬಂದವನಿಗೆ 1979ರಲ್ಲಿ ಯಾರು ಕೆಲಸ ಕೊಡ್ತಿದ್ರು? ನಮ್ಮ ಲಾಂಡ್ರೆಟ್‌ಗೂ ಒಬ್ಬ ಬಂದಿದ್ದ, ಕೆಲಸ ಕೇಳಿಕೊಂಡು. ಒಳ್ಳೆ ಹುಡುಗ. ಮಾಲೀಕ ಬೇಡ ಅಂದ. ಟೆರ್ರಿ ಪ್ರತಿ ಸಲ 'ಇನ್ನು ನಿನ್ನ ಸಹವಾಸ ಸಾಕು' ಅಂತಾನೆ, ಮತ್ತೆ ಅವನ ಹತ್ತಿರಾನೇ ಬರ್ತಾನೆ. ಯಾಕೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದೀಯಾ?"

ಅಜ್ಜ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಅಷ್ಟು ದಿನ ಟೆರ್ರಿಯ ಒಳ್ಳೆಯತನವನ್ನು ಮಾತ್ರ ನೋಡುತ್ತಿದ್ದೆ. ಅವನಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳೆಯಬೇಕಾಗಿದ್ದದ್ದು ಎಲ್ಲರಿಗಿಂತ ಮೊದಲು ನನಗೆ. ಬೇರೆ ಜಾಗ ಇಲ್ಲದೆಯೂ ಅವನು ಕೆಟ್ಟವನಾಗಲಿಲ್ಲ. ಒಳಗಿದ್ದ ಆ ಹೆಂಗಸಿಗೆ ಧೈರ್ಯ ಹೇಳಲು ಅವನಿದ್ದ. ನಾನು ಆ ಕಂತನ್ನು ಇಷ್ಟಪಡುವುದು ಈಗ ಅದಕ್ಕೆ. 'ಮೈಂಡರ್' ಅನ್ನುವ ಪದಕ್ಕೆ ಕನ್ನಡದಲ್ಲಿ ಕಾವಲುಗಾರ ಅನ್ನಬಹುದು. ನನಗೆ ಮಾತ್ರ 'ನೋಡಿಕೊಳ್ಳುವವನು' ಅನ್ನುವುದೇ ಸರಿ. ಮನೆಗೆ ಫೋನ್ ಮಾಡಿದಾಗ ಅಮ್ಮ ಕೇಳುವುದೂ ಅದನ್ನೇ, "ಇವತ್ತು ಎಷ್ಟು ಜನರನ್ನ ನೋಡ್ಕೊಂಡೆ?"

ಟ್ಯಾಕ್ಸಿ ಅಜ್ಜನ ಕಂತು 'ಮೈಂಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್'. 1985ರ ಕ್ರಿಸ್‌ಮಸ್ ದಿನ ಬಂದ, ಸಿನಿಮಾದಷ್ಟು ಉದ್ದದ ಕಂತು. ಟೆರ್ರಿಗೆ ಆ ಐಷಾರಾಮಿ ರೈಲಿನ ಎರಡು ಟಿಕೆಟ್ ಸಿಗುತ್ತದೆ. ಕೊನೆಗೆ ಅವನ ಜೊತೆ ಹೋಗುವವನು ಆರ್ಥರ್. ಅದೇ ಸಂಜೆ ಬಿಬಿಸಿಯಲ್ಲಿ 'ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್'ನ ಕ್ರಿಸ್‌ಮಸ್ ಕಂತು. ಅಜ್ಜನ ಹೆಂಡತಿಗೆ ಅದು ಬೇಕು, ಇವರಿಗೆ ಇದು ಬೇಕು. ಮನೆಯಲ್ಲಿ ಇದ್ದದ್ದು ಒಂದೇ ಟಿವಿ. ಅವರು ಪಕ್ಕದ ಮನೆಗೆ ಹೋಗಿ ನೋಡಿದರು, ಇವರು ಇಲ್ಲೇ ನೋಡಿದರು. ರಾತ್ರಿ ಅಡುಗೆಮನೆಯಲ್ಲಿ ಕೂತು ಒಬ್ಬರಿಗೊಬ್ಬರು ಕಥೆ ಹೇಳಿಕೊಂಡರು, ಮಧ್ಯರಾತ್ರಿ ದಾಟುವವರೆಗೆ. ಹೆಂಡತಿ ತೀರಿಹೋಗಿ ಹನ್ನೊಂದು ವರ್ಷವಾಯಿತು. ಅಜ್ಜ ಆ ಕಂತನ್ನು ಎಷ್ಟು ಸಲ ನೋಡಿದ್ದಾರೋ, ಪ್ರತಿ ಸಲವೂ ಹೆಂಡತಿಗೆ ಹೇಳಿದ ಮಾತುಗಳೇ ನೆನಪಿಗೆ ಬರುತ್ತವಂತೆ. ಇದಾದ ಮೇಲೆ ಆ ಕಂತಿನ ಬಗ್ಗೆ ವಾದ ಮಾಡಲು ನನಗೆ ಮನಸ್ಸಾಗಲಿಲ್ಲ. ಅಜ್ಜಿ ಮಾತ್ರ ಮಾಡಿದರು.

ಗುರುವಾರ ಮಳೆ ಬಿಟ್ಟಿತ್ತು. ಇಬ್ಬರನ್ನೂ ಪಿಯರ್‌ಗೆ, ಅಂದರೆ ದಡದಿಂದ ಸಮುದ್ರದೊಳಕ್ಕೆ ಕಟ್ಟಿದ ಉದ್ದ ಸೇತುವೆಗೆ ಕರೆದುಕೊಂಡು ಹೋದೆವು. ಸೌತೆಂಡ್ ಪಿಯರ್ ಸಮುದ್ರದ ಒಳಗೆ 2.14 ಕಿಲೋಮೀಟರ್ ಚಾಚಿಕೊಂಡಿದೆ. ಜಗತ್ತಿನಲ್ಲೇ ಅತಿ ಉದ್ದದ ವಿಹಾರದ ಪಿಯರ್ ಇದು. ತುದಿಯವರೆಗೆ ಪುಟ್ಟ ರೈಲು ಹೋಗುತ್ತದೆ. ಮೈಂಡರ್ ಮುಗಿದು ಹೆಸರುಗಳು ಬರುವಾಗ ಆರ್ಥರ್ ಮತ್ತು ಟೆರ್ರಿ ನಡೆಯುವುದು ಇದೇ ಪಿಯರ್ ಮೇಲೆ. ನಾನು ಇಲ್ಲಿಗೆ ಎಷ್ಟೋ ಸಲ ಬಂದಿದ್ದೆ, ಆದರೆ ಗೊತ್ತಾದದ್ದು ಇವರಿಂದ.

ಹೋಗುವಾಗ ರೈಲಿನಲ್ಲಿ ಹೋದೆವು. ತುದಿಯಲ್ಲಿ ಚಹಾ ಕುಡಿದೆವು. ಇಳಿತದ ಹೊತ್ತು, ಕೆಳಗೆ ನೀರು ಹಿಂದೆ ಸರಿದು ಕೆಸರು ಹೊಳೆಯುತ್ತಿತ್ತು. ಗಾಳಿ ಅಂದರೆ ಗಾಳಿ. ವಾಪಸ್ ಬರುವಾಗ ಅಜ್ಜಿ ರೈಲು ಬೇಡ ಎಂದರು. ಆರ್ಥರ್, ಟೆರ್ರಿ ನಡೆದ ಹಲಗೆಗಳ ಮೇಲೇ ಹೋಗಬೇಕು ಅಂತ. ನಾನು ಅಜ್ಜಿಯ ಗಾಲಿಕುರ್ಚಿ ತಳ್ಳಿದೆ. ಅಜ್ಜ ಊರುಗೋಲು ಹಿಡಿದು ಸ್ವಲ್ಪ ದೂರ ಜೊತೆಗೆ ಬಂದರು. ಆಮೇಲೆ ಅವರಿಗೂ ನಾವು ತಂದಿದ್ದ ಇನ್ನೊಂದು ಕುರ್ಚಿ ಬೇಕಾಯಿತು. ಅದನ್ನು ತಳ್ಳಿದ್ದು ನನ್ನ ಜೊತೆ ಕೆಲಸ ಮಾಡುವ ಕೇರಳದ ಹುಡುಗಿ.

ಎರಡು ಕುರ್ಚಿ ಅಕ್ಕಪಕ್ಕ ಹೋಗುತ್ತಿದ್ದವು. ಹಲಗೆಗಳ ಸಂದಿನಲ್ಲಿ ಚಕ್ರ ಟಕ್ ಟಕ್ ಅನ್ನುತ್ತಿತ್ತು. ಗಾಳಿಗೆ ಮಾತು ಕೇಳದೆ ಇಬ್ಬರೂ ಕೂಗಿಕೊಂಡೇ ಮಾತಾಡುತ್ತಿದ್ದರು.

"ಮುಂದಿನ ಭಾನುವಾರ ಓರಿಯಂಟ್ ಎಕ್ಸ್‌ಪ್ರೆಸ್," ಎಂದರು ಅಜ್ಜ.

"ಮೊದಲು ಲಾಂಡ್ರೆಟ್ ಮುಗೀಲಿ. ಟೆರ್ರಿ ಇನ್ನೂ ಒಳಗೇ ಇದಾನೆ."

"ಹೊಸ ಡಿಸ್ಕ್ ಬಂದಿಲ್ಲವಲ್ಲ."

"ಬರೋವರೆಗೆ ಕಾಯೋಣ," ಎಂದರು ಅಜ್ಜಿ. ನನ್ನ ಕಡೆ ತಿರುಗಿ, "ಸ್ವಲ್ಪ ನಿಧಾನ ತಳ್ಳು ಲವ್, ಅವನಿಗಿಂತ ಮುಂದೆ ಹೋಗೋದು ಬೇಡ," ಎಂದರು.