ವಾಚ್ ನಂಬಿ ಪೂರ್ವಕ್ಕೆ ಹೋದ ಮಕ್ಳು

ಹೈಸ್ಕೂಲ್ ಮಕ್ಳಿಗೆ ಔಟ್‌ಡೋರ್ ಕ್ಯಾಂಪ್ ಮಾಡ್ಸೋದು ನನ್ ಕೆಲ್ಸ, ಟೆಂಟ್ ಕಟ್ಟೋದು, ಹಗ್ಗದ ಗಂಟು, ಮ್ಯಾಪ್ ಓದೋದು ಇಂಥವೆಲ್ಲ. ಹೊಸದ್ರಲ್ಲಿ ಒಂದ್ ಸಲ ಮೇ ತಿಂಗಳಲ್ಲಿ ಸಾವನದುರ್ಗದ ಹತ್ರ ಕ್ಯಾಂಪು. ಭಾರಿ ಜಂಬದಿಂದ ವಾಚಲ್ಲಿ ದಿಕ್ಕು ಹುಡ್ಕೋ ಟ್ರಿಕ್ ಹೇಳ್ಕೊಟ್ಟೆ. ಗಂಟೆ ಮುಳ್ಳನ್ನ ಸೂರ್ಯನ ಕಡೆ ಹಿಡಿ, ಆ ಮುಳ್ಳಿಗೂ 12ಕ್ಕೂ ಮಧ್ಯ ಬರೋದೇ ದಕ್ಷಿಣ. (ಅರ್ಧ ಮಕ್ಳ ಕೈಲಿ ಡಿಜಿಟಲ್ ವಾಚು, ಅವ್ರು ಪೇಪರ್ ಮೇಲೆ ಗಡಿಯಾರ ಬರ್ಕೊಂಡ್ರು.)

ಬೆಳಗ್ಗೆ 10 ಗಂಟೆ. ದಕ್ಷಿಣಕ್ಕೆ ಹೋದ್ರೆ ಕೆರೆ ಏರಿ, ಅಲ್ಲಿ ಸಿಗೋಣ ಅಂತ ಒಂದ್ ಟೀಮಿಗೆ ಕಂಪಾಸು, ಇನ್ನೊಂದಕ್ಕೆ ಬರೀ ವಾಚು ಕೊಟ್ಟು ಕಳಿಸ್ದೆ. ಕಂಪಾಸ್ ಟೀಮು 20 ನಿಮಿಷಕ್ಕೆ ಏರಿ ಮೇಲೆ ಕೂತು ಕಡ್ಲೆಕಾಯಿ ಸುಲೀತಿತ್ತು, ವಾಚ್ ಟೀಮು ಪತ್ತೆನೇ ಇಲ್ಲ, ಜೊತೇಲಿ ನಮ್ ಹುಡುಗ ಒಬ್ಬ ಇದ್ದ ಆದ್ರೆ ಅವ್ನೂ ನನ್ ಟ್ರಿಕ್ಕೇ ನಂಬಿದೋನು, ಕರಡಿ ಓಡಾಡೋ ಜಾಗ ಬೇರೆ, ನನ್ ಎದೆ ಡವಡವ. ವಿಶಲ್ ಊದಿ ಊದಿ ಕೊನೆಗೆ ಪೂರ್ವದ ಕಡೆ ಲಂಟಾನ ಪೊದೆಲಿ ಸಿಕ್ರು, ಕೈಕಾಲೆಲ್ಲ ಗೀರು. ಬೈಯೋಣ ಅಂತ ಬಾಯಿ ತೆಗೆದೆ, ಒಬ್ಳು ಆ ಪೇಪರ್ ಗಡಿಯಾರ ಮುಂದೆ ಹಿಡಿದ್ಲು. ನಾನ್ ಹೇಳಿದಂಗೇ ಮಾಡಿದಾರೆ!

ಪುಸ್ತಕದಲ್ಲಿದ್ದದ್ದನ್ನ ಹಂಗೇ ಒಪ್ಪಿಸಿದ್ದೆ ನೋಡಿ. ಅದು ಯುರೋಪಿನಂಥ ಕಡೆಗೆ ಸರಿ, ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ. ನಾವಿರೋದು 13 ಡಿಗ್ರಿ ಅಕ್ಷಾಂಶದ ಹತ್ರ. ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಶೂನ್ಯ ನೆರಳಿನ ದಿನ (ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು ನೆಟ್ಟ ಕೋಲಿಗೆ ನೆರಳೇ ಬೀಳದ ದಿನ) ಬರುತ್ತಲ್ಲ, ಅಲ್ಲಿಂದ ಆಗಸ್ಟ್ 18ರ ಆಸುಪಾಸಿನವರೆಗೂ ಮಧ್ಯಾಹ್ನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರ್ತಾನೆ. ಮೇನಲ್ಲಿ 10 ಗಂಟೆಗೆ ಅವ್ನು ಇನ್ನೂ ಪೂರ್ವದಲ್ಲೇ, ಸ್ವಲ್ಪ ಉತ್ತರಕ್ಕೆ ವಾಲ್ಕೊಂಡು. ಅಲ್ಲಿಂದ ವಾಚಿನ ಲೆಕ್ಕದ 30 ಡಿಗ್ರಿ (10ಕ್ಕೂ 12ಕ್ಕೂ ನಡುವಿನ 60ರಲ್ಲಿ ಅರ್ಧ) ತಿರುಗಿದ್ರೆ ಬರೋದು ಹೆಚ್ಚುಕಮ್ಮಿ ಪೂರ್ವ, ದಕ್ಷಿಣ ಎಲ್ಲಿಂದ ಬರ್ಬೇಕು.

ರಾತ್ರಿ ಉತ್ತರ ತೋರ್ಸೋ ಧ್ರುವ ನಕ್ಷತ್ರನೂ ಅಷ್ಟೆ, ನಮ್ಮಲ್ಲಿ ನಂಬೋಕಾಗಲ್ಲ. ನಮ್ಮಲ್ಲಿ ಅದರ ಎತ್ತರ ಸುಮಾರು 13 ಡಿಗ್ರಿ, ಕೈ ಚಾಚಿ ಮುಷ್ಟಿ ಹಿಡಿದ್ರೆ ಒಂದೂಕಾಲು ಮುಷ್ಟಿ, ಉತ್ತರಕ್ಕೆ ಬೆಟ್ಟ ಇದ್ರೆ ಮುಗೀತು.

ಈಗ ಕೋಲು ನೆಡಿಸ್ತೀನಿ. ನೆರಳಿನ ತುದಿಗೆ ಒಂದ್ ಕಲ್ಲು, 20 ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದು, ಮೊದಲ್ನೇದು ಪಶ್ಚಿಮ, ಎರಡ್ನೇದು ಪೂರ್ವ, ಸ್ವಲ್ಪ ಆಚೀಚೆ ಆದ್ರೂ ದಾರಿ ತಪ್ಪಲ್ಲ. ಅಷ್ಟಾದ್ರೂ ಹಿಂದಿನ್ ದಿನ ನಾನೇ ಕಂಪಾಸ್ ಇಟ್ಕೊಂಡು ಚೆಕ್ ಮಾಡಿರ್ತೀನಿ. ಕಷ್ಟ ಆ 20 ನಿಮಿಷದ್ದು, ಎರಡ್ನೇ ಕಲ್ಲು ಇಡೋಷ್ಟರಲ್ಲಿ ಯಾರಾದ್ರೂ ಒಬ್ರು ಮೊದಲ್ನೇದನ್ನ ಒದ್ದಿರ್ತಾರೆ.