ಚಳಿಯಲ್ಲಿ ಮಕ್ಕಳನ್ನು ಕರ್ಕೊಂಡು ಹಿನ್ನೀರಿನ ದಡದಲ್ಲಿ ಟೆಂಟ್ ಹಾಕಬಹುದಾ?

"ಅಲ್ಲಾ ಕಣ್ರೀ, ಈ ಚಳೀಲಿ ಮಕ್ಕಳನ್ನ ನೀರಿನ ಪಕ್ಕ ಮಲಗಿಸ್ತೀರಲ್ಲ, ಶೀತ ಆಗಲ್ವಾ?" ನಾವು ವಾರಾಂತ್ಯಕ್ಕೆ ಕೆಆರ್‌ಎಸ್ ಹಿನ್ನೀರಿನ ಕಡೆ ಟೆಂಟ್ ಹಾಕುವುದು ಗೊತ್ತಿರುವವರೆಲ್ಲ ಕೇಳುವುದು ಇದನ್ನೇ. ನಮ್ಮತ್ತೆಯಂತೂ ಪ್ರತಿ ಡಿಸೆಂಬರ್‌ನಲ್ಲೂ ಕೇಳುತ್ತಾರೆ.

ಧಾರಾಳವಾಗಿ ಕರೆದುಕೊಂಡು ಹೋಗಿ. ಚಳಿಗಿಂತ ಒದ್ದೆಗೆ ಹೆದರಿ. ಅದಕ್ಕಿಂತ ಜಾಸ್ತಿ ನೀರಿಗೆ ಹೆದರಿ.

ನೆಗಡಿ ಬರುವುದು ವೈರಸ್‌ನಿಂದ. ಕಿಟಕಿ ಮುಚ್ಚಿದ ಮನೆಯಲ್ಲಿ ಸೀನುವವರ ಪಕ್ಕ ಕೂತರೂ ಬರುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿಗೆ ಇಳಿಯುತ್ತದೆ, ನೀರಿನ ಮೇಲಿಂದ ಗಾಳಿ ಬೀಸಿದರೆ ಇನ್ನೂ ಚಳಿ ಅನ್ನಿಸುತ್ತದೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುವುದೂ ನಿಜ. ಆದರೆ ಇದು ತಯಾರಿ ಮಾಡಿಕೊಂಡರೆ ತಡೆಯಬಹುದಾದ ಚಳಿ.

ಎಲ್ಲರೂ ಹೊದೆಯಲು ರಗ್ಗು ಹೊತ್ತು ತರುತ್ತಾರೆ, ಹಾಸಲು ಏನೂ ತರುವುದಿಲ್ಲ. ಮೈಯ ಬಿಸಿಯನ್ನು ಎಳೆದುಕೊಳ್ಳುವುದು ಕೆಳಗಿನ ನೆಲ. ಮೊದಲು ಟಾರ್ಪಾಲು, ಅದರ ಮೇಲೆ ಟೆಂಟ್, ಒಳಗೆ ಫೋಮ್ ಮ್ಯಾಟ್, ಅದರ ಮೇಲೆ ಜಮಖಾನ, ಆಮೇಲೆ ಉಣ್ಣೆ ಕಂಬಳಿ. ಕಂಬಳಿಗೆ ಸ್ವಲ್ಪ ತೇವ ತಗುಲಿದರೂ ಬೆಚ್ಚಗೇ ಇರುತ್ತದೆ, ಹತ್ತಿಯ ಬಟ್ಟೆ ಹಾಗಲ್ಲ. ಸಂಜೆ ಆಗುತ್ತಲೇ ಮಕ್ಕಳ ಬಟ್ಟೆ ಪೂರ್ತಿ ಬದಲಾಯಿಸಿ, ಒಳಬಟ್ಟೆ, ಕಾಲುಚೀಲ ಸಮೇತ. ಆಡಿ ಬೆವರಿದ ಬನಿಯನ್ ಹಾಗೇ ಇದ್ದರೆ ಮೇಲೆ ಎಷ್ಟು ಸ್ವೆಟರ್ ಹಾಕಿದರೂ ನಡುಗುತ್ತಾರೆ.

ಬೆಳಿಗ್ಗೆ ಟೆಂಟಿನ ಒಳಗೆಲ್ಲ ನೀರು ಕಂಡರೆ ಸೋರುತ್ತಿದೆ ಅಂದುಕೊಳ್ಳಬೇಡಿ. ರಾತ್ರಿಯಿಡೀ ಮನೆಯವರೆಲ್ಲ ಬಿಟ್ಟ ಉಸಿರೇ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿರುತ್ತದೆ. ಚಳಿ ಅಂತ ಜಿಪ್ ಪೂರ್ತಿ ಎಳೆದರೆ ಇನ್ನೂ ಜಾಸ್ತಿ, ಮೇಲಿನ ಕಿಂಡಿ ತೆರೆದೇ ಇರಲಿ. ಇನ್ನು, ಕೆಂಡದ ಒಲೆಯನ್ನು ಯಾವ ಕಾರಣಕ್ಕೂ ಟೆಂಟಿನೊಳಗೆ ಇಡಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಈಗ ನೀರಿನ ವಿಷಯ. ಹಿನ್ನೀರಿನ ದಡ ನೋಡಲು ಸಮುದ್ರದ ಬೀಚ್ ತರಹ ಇರುತ್ತದೆ, ಮಕ್ಕಳು ಇಳಿದ ತಕ್ಷಣ ಓಡುತ್ತಾರೆ. ಆದರೆ ಅದು ಮುಳುಗಿದ ನೆಲ. 1911ರಲ್ಲಿ ಕಟ್ಟಲು ಶುರು ಮಾಡಿದ ಅಣೆಕಟ್ಟಿನಿಂದ ಹಳೆಯ ಕನ್ನಂಬಾಡಿ ಊರೇ ನೀರಿನಡಿ ಹೋಯಿತು. ಹೊಸ ಕನ್ನಂಬಾಡಿಯಲ್ಲಿ ಈಗ ನೋಡುವ ವೇಣುಗೋಪಾಲಸ್ವಾಮಿ ದೇವಸ್ಥಾನ ಅಲ್ಲಿಂದ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಕಟ್ಟಿದ್ದು. ಇಂಥ ನೆಲದಲ್ಲಿ ಹಳ್ಳ, ಗುಂಡಿ ಎಲ್ಲಿದೆ ಅಂತ ಮೇಲಿನಿಂದ ತಿಳಿಯುವುದಿಲ್ಲ. ಜಲಾಶಯದ ಪೂರ್ತಿ ಮಟ್ಟ 124.80 ಅಡಿ. ಅಲ್ಲಿಂದ ನೀರು ಇಳಿಯುತ್ತಾ ಹೋದಂತೆ ದಡದ ಮಣ್ಣು ಮೇಲೆ ಒಣಗಿ ಬಿರುಕು ಬಿಡುತ್ತದೆ, ಅಡಿಯಲ್ಲಿ ಕೆಸರು ಹಾಗೇ ಇರುತ್ತದೆ, ಮಗು ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗಬಹುದು. ಅದಕ್ಕೇ ನಮ್ಮಲ್ಲಿ ಈಜು ಇಲ್ಲ. ಪಾದ ಒದ್ದೆ ಮಾಡಿಕೊಳ್ಳಬಹುದು, ಅದೂ ದೊಡ್ಡವರೊಬ್ಬರ ಕೈಗೆ ಎಟುಕುವಷ್ಟು ಹತ್ತಿರ ಇದ್ದಾಗ. ಕತ್ತಲಾದ ಮೇಲೆ ಅದೂ ಇಲ್ಲ. ಟೆಂಟ್ ಹಾಕುವುದು ನೀರಿನಿಂದ ದೂರ, ದಿಬ್ಬದ ಮೇಲೆ. ತಗ್ಗಿನಲ್ಲಿ ತಣ್ಣನೆಯ ಗಾಳಿ ಬಂದು ನಿಲ್ಲುವುದರಿಂದ ಬೆಚ್ಚಗಿರುವುದಕ್ಕೂ ದಿಬ್ಬವೇ ವಾಸಿ.

ಎಲ್ಲೆಂದರಲ್ಲಿ ಉಳಿಯಲು ಬಿಡುವುದಿಲ್ಲ. ಬೋರ್ಡ್ ಇರುವ ಕಡೆ ಹೋಗಬೇಡಿ, ದಡದ ಪಕ್ಕ ಜಮೀನು ಇರುವ ರೈತರನ್ನು ಕೇಳಿ ಒಪ್ಪಿಗೆ ಪಡೆಯಿರಿ.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಕೇಳಿದರೆ, ಅದು ಅವರೆಕಾಯಿ ಕಾಲ. ಮಕ್ಕಳು ಸುತ್ತ ಕೂತು ಕಾಯಿ ಸುಲಿಯುತ್ತಾರೆ, ಕೈಗೆಲ್ಲ ಸೊಗಡು ಹತ್ತಿರುತ್ತದೆ, ಬಿಸಿ ಮುದ್ದೆ ಜೊತೆ ಆ ಕಾಳಿನ ಸಾರು. ಮನೆಯಲ್ಲಿ ಬೇಡ ಅನ್ನುವ ಮಗಳು ಅಲ್ಲಿ ಇನ್ನೊಂದು ಮುದ್ದೆ ಕೇಳುತ್ತಾಳೆ. ಊಟ ಆದ ಮೇಲೆ ಕೃತ್ತಿಕೆ, ಅದರ ಕೆಳಗೆ ರೋಹಿಣಿ ಗುರುತಿಸುವುದು. ಊರಿನ ಬೆಳಕಲ್ಲಿ ಇಷ್ಟು ನಕ್ಷತ್ರ ಕಾಣಲ್ಲ ಅಲ್ವಾ.

ಮಗು ತೀರಾ ಚಿಕ್ಕದು, ಧೈರ್ಯ ಸಾಲದು ಅನ್ನಿಸಿದರೆ ಮೊದಲು ಮನೆಯ ತಾರಸಿ ಮೇಲೆ ಒಂದು ರಾತ್ರಿ ಟೆಂಟ್ ಹಾಕಿ ಮಲಗಿ ನೋಡಿ. ಹಾಸಿಗೆ ಸಾಕಾಗುತ್ತಾ, ಮಗು ಎಷ್ಟು ಹೊತ್ತಿಗೆ ಏಳುತ್ತದೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಬೇಡ ಅನ್ನಿಸಿದರೆ ಮೆಟ್ಟಿಲಿಳಿದು ಒಳಗೆ ಬಂದರಾಯಿತು.