ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ

ಮೋಷನ್ ಗ್ರಾಫಿಕ್ಸ್, ಅಂದರೆ ಪರದೆಯ ಮೇಲೆ ಅಕ್ಷರ, ಆಕಾರಗಳನ್ನು ಅಲ್ಲಾಡಿಸುವ ಕೆಲಸ, ಕಲಿಯೋಣ ಅಂತ ಕೂತಾಗ ನಾನೂ ಎಲ್ಲರ ಹಾಗೇ ಶುರು ಮಾಡಿದೆ. ಟ್ಯುಟೋರಿಯಲ್ ನೋಡಿದೆ, ಅದನ್ನೇ ನಕಲು ಹೊಡೆದೆ, ರೆಂಡರ್ ಆದ ವಿಡಿಯೋ ನಾಲ್ಕು ಸಲ ಹಾಕಿ ನೋಡಿ ಬೀಗಿದೆ. ಮಾರನೇ ದಿನ ಟ್ಯುಟೋರಿಯಲ್ ಮುಚ್ಚಿ ಖಾಲಿ ಟೈಮ್‌ಲೈನ್ ಮುಂದೆ ಕೂತರೆ ಕೈಯೇ ಓಡಲಿಲ್ಲ. ಯಾವ ಬಟನ್ ಎಲ್ಲಿದೆ ಅಂತ ಗೊತ್ತು, ಆದರೆ ಏನನ್ನು ಯಾಕೆ ಅಲ್ಲಾಡಿಸಬೇಕು ಅಂತ ಗೊತ್ತಿಲ್ಲ.

ಹಾಗಾಗಿ ಚಿಕ್ಕದಾಗಿ ಶುರು ಮಾಡೋಣ ಅಂತ ಒಂದೇ ಒಂದು ಪದ ತಗೊಂಡೆ. ಕುಪ್ಪಳಿಸು. ಅಕ್ಷರಗಳು ಒಂದೊಂದಾಗಿ ಕುಪ್ಪಳಿಸಿ ಬಂದು ಸಾಲಾಗಿ ನಿಲ್ಲಬೇಕು, ಅಷ್ಟೇ. ಕೈಗೆ ಸಿಕ್ಕಿದ ಹಳೆಯ ನುಡಿ ಫಾಂಟ್ ಹಾಕಿ ಟೈಪ್ ಮಾಡಿದೆ, ಆಫ್ಟರ್ ಎಫೆಕ್ಟ್ಸ್ ಅನ್ನೋ ಆನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಅಕ್ಷರಗಳನ್ನು ಒಂದೊಂದಾಗಿ ಆಡಿಸುವ ಟೆಕ್ಸ್ಟ್ ಆನಿಮೇಟರ್ ಹಚ್ಚಿದೆ, ಪ್ಲೇ ಒತ್ತಿದೆ.

ಮೊದಲು ತಲೆಕಟ್ಟಿಲ್ಲದ ಬೋಳು ಕ ಬಂತು. ಆಮೇಲೆ ತಲೆಕಟ್ಟು ಹಾರಿಕೊಂಡು ಬಂದು ಅದರ ಮೇಲೆ ಕೂತಿತು. ಅದರ ಹಿಂದೆ ಕೊಂಬು. ಪ ಬಂದು ನಿಂತ ಮೇಲೆ ಅದರ ಒತ್ತು, ಬಸ್ಸು ತಪ್ಪಿಸಿಕೊಂಡವರ ಹಾಗೆ, ಹಿಂದಿನಿಂದ ಓಡಿ ಬಂತು. ನಮ್ಮ ಕಣ್ಣಿಗೆ ಅದು 4 ಅಕ್ಷರದ ಪದ. ಆ ಹಳೆಯ ಫಾಂಟಿಗೆ ಅದು 10 ತುಂಡು, ಯಾಕೆಂದರೆ ಅದರಲ್ಲಿ ಕ ಬೇರೆ ಕೀಲಿ, ತಲೆಕಟ್ಟು ಬೇರೆ, ಕೊಂಬು ಬೇರೆ. ಸಾಫ್ಟ್‌ವೇರ್ ಪಾಪ ಎಣಿಸಿದ್ದು ಸರಿಯಾಗೇ ಇತ್ತು. ನಾನು ಬಿದ್ದು ಬಿದ್ದು ನಕ್ಕೆ.

ಯುನಿಕೋಡ್ ಫಾಂಟ್ ಹಾಕಿ, ಸೆಟ್ಟಿಂಗ್‌ನಲ್ಲಿ ನಮ್ಮ ಕಡೆಯ ಲಿಪಿಗಳಿಗೆ ಹೊಂದುವ ಟೆಕ್ಸ್ಟ್ ಎಂಜಿನ್ ಆರಿಸಿಕೊಂಡರೆ ಪದವೇನೋ ಸರಿಯಾಗಿ ಕಾಣುತ್ತದೆ. ಆದರೂ ಒಂದೊಂದು ಅಕ್ಷರವನ್ನೂ ನನಗೆ ಬೇಕಾದ ಹಾಗೆ ಆಡಿಸಬೇಕಿತ್ತು. ಕೊನೆಗೆ ಪದವನ್ನು ಇಲ್ಲಸ್ಟ್ರೇಟರ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಔಟ್‌ಲೈನ್ ಮಾಡಿ, ಅಂದರೆ ಟೈಪ್ ಮಾಡಿದ್ದನ್ನು ಬರೀ ಆಕಾರ ಮಾಡಿ, ಅಕ್ಷರಕ್ಕೊಂದು ಲೇಯರ್ ಮಾಡಿಕೊಂಡೆ. ಕೆಲಸ ಜಾಸ್ತಿ. ಆದರೆ ನಿಜವಾಗಿ ಕಲಿಯೋಕೆ ಶುರುವಾಗಿದ್ದು ಅಲ್ಲಿಂದಲೇ.

ಉದಾಹರಣೆಗೆ ಆಂಕರ್ ಪಾಯಿಂಟ್, ಅಂದರೆ ಅಕ್ಷರ ಹಿಗ್ಗುವಾಗ, ಕುಗ್ಗುವಾಗ, ತಿರುಗುವಾಗ ಅಲ್ಲಾಡದೆ ನಿಲ್ಲುವ ಬಿಂದು. ಅಕ್ಷರ ನೆಲಕ್ಕೆ ಬಿದ್ದಾಗ ಸ್ವಲ್ಪ ಚಪ್ಪಟೆಯಾಗಿ ಮತ್ತೆ ಮೇಲೇಳಬೇಕು, ಅಲ್ವಾ? ಅದಕ್ಕೆ ಆಂಕರ್ ಪಾಯಿಂಟನ್ನು ಅಕ್ಷರದ ಬುಡಕ್ಕೆ ಇಡಬೇಕು. ಕು, ಳಿ, ಸು ಮೂರಕ್ಕೂ ಸಲೀಸಾಗಿ ಆಯಿತು. ಪ್ಪ ಮಾತ್ರ ಎಡವಿತು. ಅದರ ಬುಡ ಅಂದರೆ ಒತ್ತಿನ ಬುಡ, ಅದು ಬೇರೆ ಅಕ್ಷರಗಳು ನಿಲ್ಲುವ ಗೆರೆಗಿಂತ ಕೆಳಗಿದೆ. ಹಾಗಾಗಿ ಉಳಿದವರು ನೆಲದ ಮೇಲೆ ನಿಂತರೆ ಇವನೊಬ್ಬ ಗುಂಡಿಯಲ್ಲಿ ನಿಂತು ಕುಣಿದ ಹಾಗೆ ಕಾಣುತ್ತಿತ್ತು. ಎಲ್ಲರ ಆಂಕರ್ ಪಾಯಿಂಟನ್ನೂ ಒಂದೇ ಗೆರೆಗೆ ತಂದ ಮೇಲೆ ಸರಿಹೋಯಿತು. ಒಂದು ಚೌಕಟ್ಟಿನೊಳಗೆ ಬಂದಷ್ಟು ಮಾತ್ರ ಕಾಣುವ ಹಾಗೆ ಕೆಳಗಿನಿಂದ ಅಕ್ಷರ ಮೇಲೇಳುವ ಆ ಮಾಮೂಲಿ ಮಾಸ್ಕ್ ರಿವೀಲ್ ಇದೆಯಲ್ಲ, ಅದರಲ್ಲೂ ಇದೇ ಕಥೆ. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಅಳೆದು ಮಾಡಿದ ಪ್ರೀಸೆಟ್ ಹಾಕಿದರೆ ನಮ್ಮ ಒತ್ತುಗಳ ಕಾಲು ಕಟ್.

ಇನ್ನು ಟೈಮಿಂಗ್. ಮೊದಲೆಲ್ಲ ಕೀಫ್ರೇಮ್ (ಯಾವ ಹೊತ್ತಿಗೆ ಏನು ಎಲ್ಲಿರಬೇಕು ಅನ್ನುವ ಗುರುತು) ಹಾಕಿ ಎಫ್9 ಒತ್ತಿ, ಚಲನೆಯನ್ನು ನಿಧಾನವಾಗಿ ಶುರು ಮಾಡಿ ನಿಧಾನವಾಗಿ ನಿಲ್ಲಿಸುವ ಈಸಿ ಈಸ್ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಅದು ಎಲ್ಲದಕ್ಕೂ ಎರಡೂ ಕಡೆ ಒಂದೇ ಅಳತೆಯ ನಿಧಾನ, 33.33 ಶೇಕಡಾ ಪ್ರಭಾವ, ಕೊಡುತ್ತದೆ, ಹಾಗಾಗಿ ಮಾಡಿದ್ದೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಾಣುತ್ತದೆ. ವೇಗವನ್ನು ಗೆರೆಯಾಗಿ ತೋರಿಸಿ ತಿದ್ದಲು ಬಿಡುವ ಗ್ರಾಫ್ ಎಡಿಟರ್ ಅಂದರೆ ಹೆದರಿಕೆ ಇತ್ತು, ಸುಮ್ನೆ ತಿಂಗಳುಗಟ್ಟಲೆ ಅದರಿಂದ ತಪ್ಪಿಸಿಕೊಂಡು ಓಡಾಡಿದೆ. ಈಗ ನೋಡಿದರೆ ಕೆಲಸದ ಮುಕ್ಕಾಲು ಪಾಲು ಅದರೊಳಗೇ ಇದೆ. ಕುಪ್ಪಳಿಸುವವನು ಮೊದಲು ಮಂಡಿ ಮಡಚುತ್ತಾನೆ, ಹಾಗಾಗಿ ಹಾರುವ ಮೊದಲು 4 ಫ್ರೇಮ್ ಅಕ್ಷರವನ್ನು ಕುಗ್ಗಿಸಿದೆ. ಮೇಲೆ ತುದಿಯಲ್ಲಿ ನಿಧಾನ, ಕೆಳಗೆ ಬೀಳುವಾಗ ಜೋರು. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ 3 ಫ್ರೇಮ್ ಅಂತರ. ಸೆಕೆಂಡಿಗೆ 24 ಫ್ರೇಮ್ ಇರುವಾಗ 3 ಫ್ರೇಮ್ ಅಂದರೆ ಸೆಕೆಂಡಿನ ಎಂಟನೇ ಒಂದು ಭಾಗ. ಅಷ್ಟರಲ್ಲೇ ಚುರುಕೋ ಜಡವೋ ಅಂತ ತೀರ್ಮಾನ ಆಗಿಬಿಡುತ್ತದೆ.

ಇಷ್ಟೆಲ್ಲ ಮಾಡಿ ಮನೆಯಲ್ಲಿ ತೋರಿಸಿದೆ. "ಚೆನ್ನಾಗಿದೆ, ಏನಂತ ಬರೆದಿತ್ತು?" ಅಂದರು. ಅಕ್ಷರ ಎಲ್ಲ ಬಂದು ನಿಂತ ಮೇಲೆ ನಾನು ಕೊಟ್ಟಿದ್ದು 9 ಫ್ರೇಮ್. ಪದ ಏನಂತ ನನಗೆ ಮೊದಲೇ ಗೊತ್ತು, ಅದಕ್ಕೇ ಸಾಕು ಅನಿಸಿತ್ತು! ಅವತ್ತಿನಿಂದ ಪದ ಪೂರ್ತಿ ನಿಂತ ಮೇಲೆ ಬಾಯಿಬಿಟ್ಟು ಎರಡು ಸಲ ಓದಿ, ಆಮೇಲೆ ಮುಂದಿನ ಕೀಫ್ರೇಮ್ ಹಾಕುತ್ತೇನೆ.

ಸಿನಿಮಾ ಟೈಟಲ್‌ಗಳಿಗೆ ಹೆಸರಾದ ಡಿಸೈನರ್ ಸಾಲ್ ಬಾಸ್ 1959ರಲ್ಲಿ ಹಿಚ್‌ಕಾಕ್‌ನ ಒಂದು ಸಿನಿಮಾಕ್ಕೆ ಮಾಡಿಕೊಟ್ಟ ಟೈಟಲ್ ಈ ಹೊತ್ತಿಗೆ ಮತ್ತೆ ನೋಡಿದೆ. ಓರೆ ಗೆರೆಗಳು ಬರುತ್ತವೆ, ಹೆಸರುಗಳು ಆ ಗೆರೆಗಳ ಜಾಡಿನಲ್ಲೇ ಮೇಲೆ ಕೆಳಗೆ ಜಾರುತ್ತವೆ, ಆಮೇಲೆ ಆ ಗೆರೆಗಳೇ ಒಂದು ದೊಡ್ಡ ಕಟ್ಟಡದ ಗಾಜಿನ ಗೋಡೆ ಆಗಿಬಿಡುತ್ತವೆ. ಹೆಸರು ಎಲ್ಲಿಂದಲೋ ಸುಮ್ಮನೆ ಹಾರಿ ಬರುವುದಿಲ್ಲ. ಅದು ಲಿಫ್ಟಿನ ಹಾಗೆ ಹತ್ತಿ ಇಳಿಯುವುದಕ್ಕೆ ಒಂದು ಕಟ್ಟಡ ಇದೆ. ಮೊದಲ ಸಲ ನೋಡಿದಾಗ ಇದ್ಯಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬ್ರ್ಯಾಂಡ್ ಪ್ರಾಜೆಕ್ಟ್‌ನಲ್ಲಿ ನಾನು ಬಿದ್ದಿದ್ದು ಇದೇ ಜಾಗದಲ್ಲಿ. ಅಭ್ಯಾಸಕ್ಕೆ ಅಂತ, ಕಥೆ ಕೇಳಿಸುವ ಒಂದು ಆ್ಯಪ್ ಊಹಿಸಿಕೊಂಡು ಲೋಗೋ ಮಾಡಿದ್ದೆ. ಒಂದು ಗೆರೆ, ಅದರ ಮೇಲೆ ಅರ್ಧ ವೃತ್ತ. ಮೊದಲ ಆನಿಮೇಷನ್‌ನಲ್ಲಿ ಆ ಅರ್ಧ ವೃತ್ತ ಗಿರಗಿರ ತಿರುಗಿತು, ದೊಡ್ಡದಾಯಿತು, ಹೊಳೆಯಿತು, ಸುತ್ತ ಕಿಡಿ ಹಾರಿತು, ಕೊನೆಗೆ ಚೆಂಡಿನ ಹಾಗೆ ಪುಟಿಯಿತು. 6 ಸೆಕೆಂಡು. ನನಗೆ ಬರುತ್ತಿದ್ದ ವಿದ್ಯೆಯೆಲ್ಲ ಅದರಲ್ಲಿತ್ತು, ಆ್ಯಪ್ ಮಾತ್ರ ಇರಲಿಲ್ಲ.

ಗೂಗಲ್ 2015ರಲ್ಲಿ ಲೋಗೋ ಬದಲಿಸಿದಾಗ ನಾಲ್ಕು ಬಣ್ಣದ ಚುಕ್ಕೆಗಳನ್ನೂ ತಂದಿತು. ನಾವು ಗೂಗಲ್ ಜೊತೆ ಮಾತಾಡುವಾಗ ಅವು ಒಂದು ಥರ ಅಲ್ಲಾಡುತ್ತಿದ್ದವು, ಗೂಗಲ್ ಯೋಚಿಸುವಾಗ ಇನ್ನೊಂದು ಥರ. ಅಕ್ಷರ ಒಂದೂ ಇಲ್ಲದಿದ್ದರೂ ಯಾರದ್ದು ಅಂತ ಗೊತ್ತಾಗುತ್ತಿತ್ತು. ಇದನ್ನು ಇಟ್ಟುಕೊಂಡು ನನ್ನ ಲೋಗೋ ಮುಂದೆ ಮತ್ತೆ ಕೂತೆ. ಅರ್ಧ ವೃತ್ತ, ಗೆರೆ. ಇವು ಮಾಡಬಹುದಾದ್ದು ಏನು? ಡಬ್ಬಿಯ ಮುಚ್ಚಳದ ಹಾಗೆ ಗೆರೆಯಿಂದ ತೆರೆದುಕೊಳ್ಳುವುದು. ಅದೊಂದೇ ಸಾಕು ಅಂತ ನಿರ್ಧಾರ ಮಾಡಿದೆ. ಐಕಾನ್ 12 ಫ್ರೇಮ್‌ನಲ್ಲಿ ತೆರೆದುಕೊಳ್ಳುತ್ತದೆ, ಕೊನೆಯಲ್ಲಿ ಲೋಗೋ ತೋರಿಸುವ ಕಾರ್ಡ್ 36 ಫ್ರೇಮ್‌ನಲ್ಲಿ, ಕಥೆಯ ಹೆಸರೂ ಅದೇ ಗೆರೆಯಿಂದಲೇ ಮೇಲೇಳುತ್ತದೆ. ತಿರುಗುವುದು, ಪುಟಿಯುವುದು ಎಲ್ಲ ರದ್ದು. ಆ ಕಿಡಿಗಳನ್ನು ಅಳಿಸುವಾಗ ಹೊಟ್ಟೆ ಉರಿಯಿತು, ಎರಡು ರಾತ್ರಿ ಕೂತು ಮಾಡಿದ್ದು.

ಹೊಳಪೊಂದನ್ನು ಮಾತ್ರ ಕದ್ದು ಉಳಿಸಿಕೊಂಡಿದ್ದೆ. ಆಮೇಲೆ ಆ್ಯಪ್‌ನಲ್ಲಿ ಓಡಲಿ ಅಂತ ಬಾಡಿಮೂವಿನ್ ಅನ್ನೋ ಪ್ಲಗಿನ್ ಬಳಸಿ ಲಾಟಿ ಅನ್ನೋ ಹಗುರ ಆನಿಮೇಷನ್ ಫೈಲ್ ತೆಗೆದರೆ ಹೊಳಪೇ ಮಾಯ. ಲಾಟಿ ಆಕಾರ, ಬಣ್ಣ, ಚಲನೆಯನ್ನು ಚೆನ್ನಾಗಿ ಹಿಡಿಯುತ್ತದೆ, ಇಂಥ ಎಫೆಕ್ಟ್‌ಗಳನ್ನೆಲ್ಲ ಹಿಡಿಯುವುದಿಲ್ಲ. ಬೇಜಾರಿನಲ್ಲೇ ಪ್ಲೇ ಮಾಡಿದೆ. ಹೊಳಪಿಲ್ಲದೆಯೇ ಚೆನ್ನಾಗಿತ್ತು.

ಮೊನ್ನೆ ಹಳೆಯ ಕುಪ್ಪಳಿಸು ಫೈಲ್ ತೆರೆದು ಮತ್ತೆ ಮೊದಲಿನಿಂದ ಮಾಡಿದೆ. ಈ ಸಲ ಒತ್ತನ್ನು ನಾನೇ ಬೇರೆ ಲೇಯರ್ ಮಾಡಿ, ಪ ಅಕ್ಷರಕ್ಕೆ ಪೇರೆಂಟ್ ಮಾಡಿದ್ದೇನೆ, ಅಂದರೆ ಪ ಎಲ್ಲಿಗೆ ಹೋದರೂ ಒತ್ತು ಜೊತೆಗೇ ಹೋಗುವ ಹಾಗೆ ಕಟ್ಟಿದ್ದೇನೆ. ಪ ನೆಲಕ್ಕೆ ಬಿದ್ದು 2 ಫ್ರೇಮ್ ಆದ ಮೇಲೆ ಒತ್ತು ಬಂದು ಕೂರುತ್ತದೆ. ಈಗ ಅದು ಬಸ್ಸು ತಪ್ಪಿಸಿಕೊಂಡವರ ಹಾಗೆ ಕಾಣುವುದಿಲ್ಲ, ಅಮ್ಮನ ಸೆರಗು ಹಿಡಿದು ಜಿಗಿದ ಮಗುವಿನ ಹಾಗೆ ಕಾಣುತ್ತದೆ. 3 ಫ್ರೇಮ್ ಕೊಟ್ಟು ನೋಡಿದೆ, ಜಾಸ್ತಿ ಆಯಿತು.